ಮೇಜಿನ ಕೆಳಗಿನ ಹಾಳೆ: ಒಂದು ಡಾರ್ಕ್ ಸ್ಟೋರ್‌ನ ಪ್ರಕರಣ

ಇದು ನಾನೇ ಕೆಲಸ ಮಾಡಿದ ಜಾಗದ ಕಥೆ. ಕಂಪನಿಯ ಹೆಸರು ಹೇಳುವುದಿಲ್ಲ, ಬಡಾವಣೆಯ ಹೆಸರೂ ಬೇಡ. ಜನರ ಹೆಸರು ಬದಲಿಸಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಆಚೀಚೆ ಮಾಡಿದ್ದೇನೆ. ಅಂಕಿಗಳು ಮಾತ್ರ ಆಗ ನಾನು ಜೇಬಿನ ಡೈರಿಯಲ್ಲಿ ಬರೆದುಕೊಂಡವು. ಇಂಥದ್ದೇ ಕಡೆ ಕೆಲಸ ಮಾಡುವವರಿಗೆ, ಇಂಥ ಕಡೆ ಜನರನ್ನು ನಡೆಸುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವೇ ಆಗುತ್ತದೆ.

ಹಿನ್ನೆಲೆ

ಹತ್ತು ಹದಿನೈದು ನಿಮಿಷದಲ್ಲಿ ಮನೆಗೆ ದಿನಸಿ ತಂದುಕೊಡುವ ಆ್ಯಪ್ ನಿಮ್ಮ ಫೋನಲ್ಲೂ ಇರುತ್ತದೆ. ಆ ಸಾಮಾನು ಹೊರಡುವ ಜಾಗವನ್ನು ಹೆಚ್ಚಿನವರು ನೋಡಿರುವುದಿಲ್ಲ. ಡಾರ್ಕ್ ಸ್ಟೋರ್ ಅಂದರೆ ಗಿರಾಕಿ ಕಾಲಿಡದ ಅಂಗಡಿ. ನಮ್ಮದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಒಂದು ಕಟ್ಟಡದ ಬೇಸ್‌ಮೆಂಟಿನಲ್ಲಿತ್ತು. ಸುಮಾರು 3,200 ಚದರ ಅಡಿ, ನಾಲ್ಕೂವರೆ ಸಾವಿರ ಬಗೆಯ ಸಾಮಾನು. ದಿನಕ್ಕೆ 1,300ರಿಂದ 1,500 ಆರ್ಡರ್, ಭಾನುವಾರ ಇನ್ನೂ ಜಾಸ್ತಿ. ಮೂರು ಶಿಫ್ಟ್‌ನಲ್ಲಿ ಸೇರಿ 38 ಜನ ಪಿಕ್ಕರ್‌ಗಳು, ಅಂದರೆ ರ್‍ಯಾಕ್‌ನಿಂದ ಸಾಮಾನು ಎತ್ತಿ ಬ್ಯಾಗಿಗೆ ಹಾಕುವವರು. ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೆರಡರ ಶಿಫ್ಟ್‌ಗೆ ನಾನು ಇನ್‌ಚಾರ್ಜ್.

ಕೆಲಸ ಹೇಗೆ ಅಂದರೆ, ಆರ್ಡರ್ ಬಿದ್ದ ಕೂಡಲೇ ಪಿಕ್ಕರ್ ಕೈಯಲ್ಲಿನ ಡಿವೈಸ್ ಕೂಗುತ್ತದೆ. ಯಾವ ರ್‍ಯಾಕ್, ಯಾವ ಡಬ್ಬ ಅಂತ ಅದೇ ತೋರಿಸುತ್ತದೆ. ಒಂದೊಂದೇ ಸಾಮಾನಿನ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕು. ಕೊನೆಗೆ ಬ್ಯಾಗಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ 'ಪ್ಯಾಕ್ಡ್' ಅಂತ ಬರುತ್ತದೆ. ಅಲ್ಲಿಗೆ ಗಡಿಯಾರ ನಿಲ್ಲುತ್ತದೆ. ಅದೇ ಪಿಕ್ ಟೈಮ್. ಅದರ ಸರಾಸರಿ ಟಾರ್ಗೆಟ್ ಒಳಗಿದ್ದರೆ ಡ್ಯಾಶ್‌ಬೋರ್ಡ್ ಹಸಿರು, ಇಲ್ಲದಿದ್ದರೆ ಕೆಂಪು. ಸ್ಟೋರ್ ಮ್ಯಾನೇಜರ್ ಮೇಲೆ ಏರಿಯಾ ಮ್ಯಾನೇಜರ್, ಅವರ ಕೈಕೆಳಗೆ ಹದಿನಾಲ್ಕು ಸ್ಟೋರ್. ಅವರ ಮೇಲೆ ಸಿಟಿ ಆಪರೇಷನ್ಸ್ ಹೆಡ್, ಒಬ್ಬರು ಮೇಡಂ. ಪಿಕ್ಕರ್‌ಗಳು ಕಂಪನಿಯ ಜನ ಅಲ್ಲ. ಅವರು ಮ್ಯಾನ್‌ಪವರ್ ಏಜೆನ್ಸಿಯ ರೋಲ್‌ನಲ್ಲಿದ್ದರು. ರಾಯಚೂರು, ಕಲಬುರಗಿ, ಒಡಿಶಾ, ಅಸ್ಸಾಂ, ಎಲ್ಲ ಕಡೆಯ ಹುಡುಗರು. ನಾಲ್ಕೈದು ಹುಡುಗಿಯರೂ ಇದ್ದರು.

ಕಂಪನಿಯ ವಾತಾವರಣ ಮೊದಮೊದಲು ನನಗೆ ತುಂಬಾ ಹಿಡಿಸಿತ್ತು, ಅದನ್ನೂ ಹೇಳಬೇಕು. ನಾನು ಮೊದಲಿದ್ದ ಹೋಲ್‌ಸೇಲ್ ಗೋಡೌನ್‌ನಲ್ಲಿ ಮಾಲೀಕರ ಎದುರು ಕೂರುವಂತಿರಲಿಲ್ಲ. ಇಲ್ಲಿ ಇಂಡಕ್ಷನ್ ದಿನವೇ "ಸರ್, ಮೇಡಂ ಬೇಡ, ಹೆಸರು ಹಿಡಿದು ಕರೀರಿ" ಅಂದರು. ಕೇಳಿದ ರ್‍ಯಾಕ್ ಮೂರು ದಿನದಲ್ಲಿ ಬಂತು. ಇಪ್ಪತ್ತಾರರ ಹುಡುಗ ಒಂದು ಏರಿಯಾ ನೋಡಿಕೊಳ್ಳುತ್ತಿದ್ದ. ಗೋಡೆ ಮೇಲೆ ದೊಡ್ಡದಾಗಿ "ಮಾಲೀಕರಂತೆ ಯೋಚಿಸಿ" ಅಂತ ಪೋಸ್ಟರ್. ನನಗೆ ನಿಜಕ್ಕೂ ಖುಷಿಯಾಗಿತ್ತು. ಆಮೇಲೆ ಗಮನಿಸಿದ್ದು ಏನೆಂದರೆ, ಡ್ಯಾಶ್‌ಬೋರ್ಡ್ ಹಸಿರಿದ್ದ ದಿನ ಎಲ್ಲರೂ ಹೆಸರು ಹಿಡಿದು ಮಾತಾಡುತ್ತಿದ್ದರು. ಕೆಂಪಾದ ದಿನ ಯಾರೂ ಹೇಳದೆಯೇ ನಮ್ಮ ಬಾಯಲ್ಲಿ "ಸರ್" ಬರುತ್ತಿತ್ತು.

ರಾತ್ರಿ 11:10ರ ಮೆಸೇಜ್

2024ರ ಗಣೇಶ ಹಬ್ಬ ಸೆಪ್ಟೆಂಬರ್ 7ಕ್ಕೆ. ಗರಿಕೆ, ಬಾಳೆಎಲೆ, ಕಡುಬಿನ ಹಿಟ್ಟು ಅಂತ ಎರಡು ದಿನ ಉಸಿರಾಡಲು ಆಗಿರಲಿಲ್ಲ. ಅದು ಮುಗಿದು ಮೂರು ದಿನಕ್ಕೆ, ರಾತ್ರಿ 11:10ಕ್ಕೆ, ಏರಿಯಾ ಮ್ಯಾನೇಜರ್ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು ಹಾಕಿದರು. ನಾಳೆಯಿಂದ ಪಿಕ್ ಟೈಮ್ ಟಾರ್ಗೆಟ್ 2 ನಿಮಿಷ 30 ಸೆಕೆಂಡ್ ಅಲ್ಲ, 1 ನಿಮಿಷ 45 ಸೆಕೆಂಡ್. ಕೆಳಗೆ ರಾಕೆಟ್ ಎಮೋಜಿ. ಒಂದೇ ನಿಮಿಷದಲ್ಲಿ ಹದಿನಾಲ್ಕು ಸ್ಟೋರ್‌ನವರೂ ಹೆಬ್ಬೆರಳು ಎತ್ತಿದರು. ನಮ್ಮ ಮ್ಯಾನೇಜರ್ ಕೂಡ ಎತ್ತಿದರು. ನಾನೂ ಎತ್ತಿದೆ.

ನಮ್ಮಲ್ಲಿ ಸರಾಸರಿ ಆರ್ಡರ್‌ನಲ್ಲಿ ಆರು ಸಾಮಾನು. ಅದರಲ್ಲಿ ಐಸ್‌ಕ್ರೀಮ್ ಅಥವಾ ಫ್ರೋಜನ್ ಬಟಾಣಿ ಇದ್ದರೆ ಫ್ರೀಜರ್ ರೂಮಿಗೆ ಹೋಗಬೇಕು. ಒಳಗೆ ಮೈನಸ್ 18 ಡಿಗ್ರಿ. ಜಾಕೆಟ್ ಹಾಕಬೇಕು, ಬಾಗಿಲು ತೆಗೆಯಬೇಕು, ಹುಡುಕಬೇಕು, ಹೊರಗೆ ಬರಬೇಕು. ಜಾಕೆಟ್ ಇದ್ದದ್ದು ಎರಡು, ನನ್ನ ಶಿಫ್ಟ್‌ನಲ್ಲಿ ಪಿಕ್ಕರ್‌ಗಳು ಹದಿಮೂರು. ಒಬ್ಬ ಜಾಕೆಟ್ ಬಿಚ್ಚುವವರೆಗೆ ಇನ್ನೊಬ್ಬ ಕಾಯಬೇಕು. ಅಷ್ಟರಲ್ಲೇ ನಲವತ್ತು ಸೆಕೆಂಡ್ ಹೋಗಿರುತ್ತದೆ.

ಮೊದಲ ವಾರ ಪೂರ್ತಿ ಕೆಂಪು. ಎರಡನೇ ವಾರ ನಮ್ಮದು ಹಸಿರಾಯಿತು. ಹೇಗಾಯಿತು ಅಂತ ನಾನು ಕೇಳಲಿಲ್ಲ. ಮೂರು ದಿನ ಕಳೆದ ಮೇಲೆ ಪ್ಯಾಕಿಂಗ್ ಮೇಜಿನ ಹತ್ತಿರ ಪೆನ್ ಬಿತ್ತು ಅಂತ ಬಗ್ಗಿದಾಗ ಕಣ್ಣಿಗೆ ಬಿತ್ತು. ಮೇಜಿನ ಕೆಳಗೆ ಸೆಲ್ಲೋಟೇಪ್ ಹಾಕಿ ಅಂಟಿಸಿದ ಒಂದು ರಟ್ಟಿನ ಹಾಳೆ. ಅದರ ಮೇಲೆ ಖಾಲಿ ಪ್ಯಾಕೆಟ್‌ಗಳಿಂದ ಕತ್ತರಿಸಿದ ಬಾರ್‌ಕೋಡ್‌ಗಳು: ಅರ್ಧ ಲೀಟರ್ ಹಾಲು, ಮೊಸರು, ಬ್ರೆಡ್, ಪನೀರ್, ಮೊಟ್ಟೆ, ಐಸ್‌ಕ್ರೀಮ್. ಪಕ್ಕದಲ್ಲಿ ಆಯಾ ಡಬ್ಬದ ನಂಬರಿನ ಕೋಡ್ ಕೂಡ. ಸುಮಾರು ಅರವತ್ತು ಇದ್ದವು. ಯಾರೋ ಬಾಲ್ ಪೆನ್‌ನಲ್ಲಿ ನೀಟಾಗಿ ಹೆಸರು ಬರೆದಿದ್ದರು. ಆ ಅಚ್ಚುಕಟ್ಟು ನೋಡಿ ಒಂದು ಕ್ಷಣ ಮೆಚ್ಚುಗೆಯೂ ಆಯಿತು.

ಆರ್ಡರ್ ಬಂದ ಕೂಡಲೇ ಮೇಜಿನ ಹತ್ತಿರವೇ ನಿಂತು ಹಾಳೆಯಿಂದ ಸ್ಕ್ಯಾನ್ ಮಾಡುವುದು. ಖಾಲಿ ಬ್ಯಾಗಿನ ಕೋಡ್ ಹೊಡೆಯುವುದು. ಸಿಸ್ಟಮ್‌ನಲ್ಲಿ 'ಪ್ಯಾಕ್ಡ್', ಗಡಿಯಾರ ನಿಂತಿತು. ಆಮೇಲೆ ಓಡಿಹೋಗಿ ಸಾಮಾನು ತರುವುದು. ಹಾಳೆಯಲ್ಲಿ ಇಲ್ಲದ, ದೂರದ ಅಥವಾ ಫ್ರೀಜರ್‌ನ ಸಾಮಾನಾದರೆ 'ಸಿಗಲಿಲ್ಲ' ಬಟನ್ ಒತ್ತುವುದು. ಗಿರಾಕಿಗೆ ಆ ಸಾಮಾನಿನ ದುಡ್ಡು ವಾಪಸ್. ಹೊರಗೆ ರೈಡರ್ ಕಾಯುತ್ತಾನೆ, ಆದರೆ ಆ ಕಾಯುವಿಕೆ ರೈಡರ್ ಲೆಕ್ಕಕ್ಕೆ ಹೋಗುತ್ತದೆ, ಸ್ಟೋರ್ ಲೆಕ್ಕಕ್ಕಲ್ಲ. ರೈಡರ್‌ಗಳು "ಬ್ಯಾಗ್ ರೆಡಿ ಅಂತ ತೋರಿಸ್ತಿದೆ, ಎಲ್ಲಿ ಗುರು ಬ್ಯಾಗು?" ಅಂತ ದಿನಾ ಗಲಾಟೆ ಮಾಡುತ್ತಿದ್ದದ್ದು ಏಕೆ ಅಂತ ಆಗ ಗೊತ್ತಾಯಿತು.

ನಾನು ಏನು ಮಾಡಿದೆ? ಪೆನ್ ಎತ್ತಿಕೊಂಡೆ, ಸುಮ್ನೆ ಹೋದೆ. ಈ ಪ್ರಕರಣದಲ್ಲಿ ಮೊದಲ ನಿರ್ಧಾರ ಅದು. ಅದು ನನ್ನದು.

ಪಿಜ್ಜಾ ಬಂತು, ಡಂಪ್ ಏರಿತು

ಅಕ್ಟೋಬರ್ 11, ಆಯುಧಪೂಜೆ. ಡಿವೈಸ್‌ಗಳಿಗೆಲ್ಲ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದೆವು. ಅದೇ ಸಂಜೆ ನಮ್ಮ ಸ್ಟೋರ್‌ಗೆ ಏರಿಯಾದ ಬೆಸ್ಟ್ ಸ್ಟೋರ್ ಬಹುಮಾನ. ಸರಾಸರಿ 1 ನಿಮಿಷ 38 ಸೆಕೆಂಡ್. ಹತ್ತು ಪಿಜ್ಜಾ ಬಂದವು. ಗ್ರೂಪ್ ಫೋಟೋದಲ್ಲಿ ನಾನು ನಡುವೆ ನಿಂತಿದ್ದೇನೆ.

ಆ ಹೊತ್ತಿಗೆ ಇನ್ನೊಂದು ಅಂಕಿ ಮೇಲೇರುತ್ತಿತ್ತು. ಡಂಪ್, ಅಂದರೆ ತಾರೀಖು ಮುಗಿದು ಬಿಸಾಡುವ ಮಾಲು. ಆಗಸ್ಟ್‌ನಲ್ಲಿ ಸುಮಾರು 1.2 ಲಕ್ಷ ರೂಪಾಯಿಯದ್ದು ಬಿಸಾಡಿದ್ದೆವು. ಅಕ್ಟೋಬರ್‌ನಲ್ಲಿ ಅದು 3.4 ಲಕ್ಷ ಮುಟ್ಟಿತು. ಬೆಳಗಿನ ಶಿಫ್ಟ್‌ನವರು ಮೊಸರು, ಪನೀರ್ ಕ್ರೇಟ್‌ಗಟ್ಟಲೆ ಹಿಂದಿನ ಬಾಗಿಲಿಗೆ ಹೊರುತ್ತಿದ್ದರು.

ಹಾಳೆಗೂ ಇದಕ್ಕೂ ಏನು ಸಂಬಂಧ ಅಂತ ನನಗೂ ಬೇಗ ಹೊಳೆಯಲಿಲ್ಲ. ಹಳೆಯ ತಾರೀಖಿನ ಮಾಲು ಮೊದಲು ಹೋಗಬೇಕು ಅನ್ನುವುದು ಯಾವ ದಿನಸಿ ಅಂಗಡಿಯವರಿಗೂ ಗೊತ್ತಿರುವ ಪಾಠ. ಡಿವೈಸ್ ಆ ಲೆಕ್ಕದಲ್ಲೇ ಡಬ್ಬ ತೋರಿಸುತ್ತದೆ. ಆದರೆ ಹುಡುಗ ಮೇಜಿನ ಹತ್ತಿರವೇ ಸ್ಕ್ಯಾನ್ ಮುಗಿಸಿದ್ದರೆ, ಓಡಿಹೋದಾಗ ಕೈಗೆ ಮೊದಲು ಸಿಕ್ಕಿದ್ದನ್ನು ಎತ್ತುತ್ತಾನೆ. ಮುಂದಿರುವುದು ಹೊಸ ಮಾಲು, ಹಿಂದಿರುವುದು ಹಳೆಯದು. ಹಳೆಯದು ಅಲ್ಲೇ ಉಳಿಯುತ್ತದೆ. ಇನ್ನು 'ಸಿಗಲಿಲ್ಲ' ಒತ್ತಿದ್ದು ಇನ್ನೂ ದೊಡ್ಡ ತಲೆನೋವು. ಆ ಬಟನ್ ಒತ್ತಿದ ಕೂಡಲೇ ಸಿಸ್ಟಮ್‌ನಲ್ಲಿ ಆ ಮಾಲಿನ ಸ್ಟಾಕ್ ಸೊನ್ನೆ. ಆ್ಯಪ್‌ನಲ್ಲಿ ಅದು ಕಾಣುವುದೇ ಇಲ್ಲ, ಯಾರೂ ಕೊಳ್ಳುವುದಿಲ್ಲ. ಸ್ಟಾಕ್ ಸೊನ್ನೆ ಅಂತ ಕಂಪ್ಯೂಟರ್ ತಾನಾಗಿಯೇ ದೊಡ್ಡ ಗೋಡೌನ್‌ನಿಂದ ಮತ್ತೆ ತರಿಸುತ್ತದೆ. ಇದ್ದ ಮಾಲಿನ ಮುಂದೆ ಹೊಸ ಮಾಲು ಬಂದು ಕೂರುತ್ತದೆ. ಹದಿನೈದು ದಿನದಲ್ಲಿ ಫ್ರೀಜರ್ ಮದುವೆ ಮನೆಯ ಉಗ್ರಾಣದಂತಾಗಿತ್ತು.

ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ ಎರಡೂ ಬೇರೆ ಬೇರೆ ಪುಟ. ಪಿಕ್ ಟೈಮ್ ನೋಡುವವರು ಒಬ್ಬರು, ಡಂಪ್ ನೋಡುವವರು ಇನ್ನೊಬ್ಬರು. ಇಬ್ಬರೂ ಒಂದೇ ಕಟ್ಟಡದಲ್ಲಿ ಒಂದೇ ಮಹಡಿಯಲ್ಲಿ ಕೂರುತ್ತಿದ್ದರಂತೆ.

ಹೇಳಿ ನೋಡಿದ್ದು

ನಾನು ಪೂರ್ತಿ ಬಾಯಿ ಮುಚ್ಚಿಕೊಂಡಿದ್ದೆ ಅಂತಲ್ಲ. ಹಾಳೆಯ ವಿಷಯ ಬಿಟ್ಟು, ಸುತ್ತಿಬಳಸಿ ಹೇಳಿ ನೋಡಿದೆ. ಸೋಮವಾರದ ರಿವ್ಯೂನಲ್ಲಿ "1:45 ನಮ್ಮ ಲೇಔಟ್‌ಗೆ ಆಗಲ್ಲ, ಜಾಕೆಟ್ ಕೊಡಿ, ಫ್ರೀಜರ್ ಹತ್ತಿರ ಒಬ್ಬನನ್ನು ನಿಲ್ಲಿಸಲು ಬಿಡಿ" ಅಂದೆ. ಏರಿಯಾ ಮ್ಯಾನೇಜರ್ ನಕ್ಕರು. "ನಿಮ್ಮದೇ ನಂಬರ್ ಎಲ್ಲರಿಗಿಂತ ಚೆನ್ನಾಗಿದೆ, ನೀವೇ ಆಗಲ್ಲ ಅಂತೀರಾ?" ಅಂದರು. ಅದಕ್ಕೆ ಏನು ಉತ್ತರ ಕೊಡುವುದು? ನಾನೇ ತೋರಿಸಿದ ಸುಳ್ಳು ನನ್ನ ಬಾಯಿ ಕಟ್ಟಿತು. ಸಮಸ್ಯೆ ತರಬೇಡಿ, ಪರಿಹಾರ ತನ್ನಿ ಅಂತ ಅವರು ಯಾವಾಗಲೂ ಹೇಳುತ್ತಿದ್ದರು. ಕೇಳಲು ಚೆನ್ನಾಗಿದೆ. ಆದರೆ ಪರಿಹಾರ ತನ್ನ ಕೈಯಲ್ಲಿಲ್ಲದವನು ಆ ಮಾತು ಕೇಳಿದರೆ ಸಮಸ್ಯೆ ತರುವುದನ್ನೇ ನಿಲ್ಲಿಸುತ್ತಾನೆ.

ಜಾಕೆಟ್ ಬೇಕು ಅಂತ ಕಂಪನಿಯ ಸಿಸ್ಟಮ್‌ನಲ್ಲಿ ಟಿಕೆಟ್, ಅಂದರೆ ಮನವಿ, ಹಾಕಿದೆ. ಒಂದಕ್ಕೆ ಒಂಬೈನೂರು ರೂಪಾಯಿ. "ಬಜೆಟ್ ಮುಂದಿನ ಕ್ವಾರ್ಟರ್‌ಗೆ" ಅಂತ ಬಂತು. ಮಾಲೀಕರಂತೆ ಯೋಚಿಸಬಹುದು, ಒಂಬೈನೂರು ರೂಪಾಯಿ ಖರ್ಚು ಮಾಡುವಂತಿಲ್ಲ.

ಆಮೇಲೆ ಹೆಸರು ಹೇಳಬೇಕಿಲ್ಲದ ಸರ್ವೆ ಬಂತು. ಲಿಂಕ್ ಬಂದದ್ದು ನನ್ನ ಕಂಪನಿ ಮೇಲ್‌ಗೆ. ಮೊದಲ ಪ್ರಶ್ನೆ ಯಾವ ಸ್ಟೋರ್, ಎರಡನೆಯದು ಯಾವ ಹುದ್ದೆ, ಮೂರನೆಯದು ಯಾವ ಶಿಫ್ಟ್. ನಮ್ಮ ಸ್ಟೋರ್‌ನಲ್ಲಿ ಸಂಜೆ ಶಿಫ್ಟ್ ಇನ್‌ಚಾರ್ಜ್ ಇರುವುದು ನಾನೊಬ್ಬನೇ. ಎಲ್ಲದಕ್ಕೂ ಐದಕ್ಕೆ ನಾಲ್ಕು ಕೊಟ್ಟು ಕಳಿಸಿದೆ. ಪಿಕ್ಕರ್‌ಗಳಿಗಂತೂ ಆ ಸರ್ವೆ ಬರಲೇ ಇಲ್ಲ, ಅವರು ಏಜೆನ್ಸಿಯವರಲ್ವಾ.

ಅಕ್ಟೋಬರ್ ಮೂರನೇ ವಾರದ ಮಳೆ ಬೆಂಗಳೂರಿನವರಿಗೆ ನೆನಪಿರಬಹುದು, ಯಲಹಂಕದ ಕಡೆ ಅಪಾರ್ಟ್‌ಮೆಂಟ್‌ಗೆ ಬೋಟ್ ಇಳಿಸಿದ ಮಳೆ. ನಮ್ಮ ಬೇಸ್‌ಮೆಂಟಿಗೂ ನೀರು ಬಂತು, ಪಾದ ಮುಳುಗುವಷ್ಟು. ಮ್ಯಾನೇಜರ್ ಇಪ್ಪತ್ತು ನಿಮಿಷ ಆರ್ಡರ್ ನಿಲ್ಲಿಸಿದರು. ನೆಲ ಒರೆಸಿ, ವೈರುಗಳನ್ನು ಮೇಲೆ ಕಟ್ಟಿ, ಮತ್ತೆ ಶುರು ಮಾಡಿದೆವು. ಮರುದಿನ ಅವರಿಗೆ ಲಿಖಿತ ವಿವರಣೆ ಕೇಳಿದರು. ಟೊಯೊಟಾ ಕಾರ್ ಕಂಪನಿಯ ಪದ್ಧತಿಯಲ್ಲಿ ತಯಾರಿಕೆಯ ಲೈನ್ ಮೇಲೆ ಕೆಲಸ ಮಾಡುವವನೇ ದಾರ ಎಳೆದು ಲೈನ್ ನಿಲ್ಲಿಸಬಹುದು ಅಂತ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಹೇಳಿಕೊಡುತ್ತಾರೆ. ನಮ್ಮ ಟ್ರೇನಿಂಗ್ ಸ್ಲೈಡ್‌ನಲ್ಲೂ ಅದಿತ್ತು. ನಮ್ಮಲ್ಲೂ ನಿಲ್ಲಿಸುವ ಬಟನ್ ಇತ್ತು. ಒತ್ತಿದವರು ಏಕೆ ಒತ್ತಿದೆ ಅಂತ ಎರಡು ಪುಟ ಬರೆಯಬೇಕಿತ್ತು, ಅಷ್ಟೇ ವ್ಯತ್ಯಾಸ. ಆ ಎರಡು ಪುಟವನ್ನು ಎಲ್ಲರೂ ನೋಡಿದರು. ಆಮೇಲೆ ಯಾರೂ ಏನನ್ನೂ ನಿಲ್ಲಿಸಲು ಹೋಗಲಿಲ್ಲ.

ಬಸು

ಡಂಪ್ ನೋಡುವ ತಂಡದವರು ಕಳ್ಳತನ ಅಂತ ಅಂದಾಜು ಮಾಡಿದರು. ಗೇಟಿನಲ್ಲಿ ಸೆಕ್ಯುರಿಟಿಯವರು ಹುಡುಗರ ಊಟದ ಡಬ್ಬಿ ತೆಗೆಸಿ ನೋಡಲು ಶುರು ಮಾಡಿದರು. ಸಿಸಿಟಿವಿ ವಿಡಿಯೋ ಕೂಡ ತೆಗೆದು ನೋಡಿದರು.

ಲಿಂಗಸುಗೂರು ಕಡೆಯ ಒಬ್ಬ ಹುಡುಗನಿದ್ದ. ಬಸು ಅಂತ ಕರೆಯೋಣ. ಇಪ್ಪತ್ತೆರಡು ವರ್ಷ, ಮಾತು ಕಡಿಮೆ. ಫ್ರೀಜರ್‌ಗೆ ಹೋಗಲು ಬೇರೆಯವರು ಹಿಂದೇಟು ಹಾಕಿದರೆ "ಕೊಡ್ರಿ ಅಣ್ಣ, ನಾ ಹೋಗ್ತೀನಿ" ಅನ್ನುತ್ತಿದ್ದ. ಸಿಸಿಟಿವಿಯಲ್ಲಿ ಅವನೇ ಮತ್ತೆ ಮತ್ತೆ ಕಾಣಿಸಿದ. ಫ್ರೀಜರ್‌ಗೆ ಹೋಗುತ್ತಾನೆ, ಏನೋ ಎತ್ತಿಕೊಂಡು ಬರುತ್ತಾನೆ. ಆ ಹೊತ್ತಿಗೆ ಸಿಸ್ಟಮ್‌ನಲ್ಲಿ ನೋಡಿದರೆ ಅವನ ಹೆಸರಿನಲ್ಲಿ ಯಾವ ಆರ್ಡರ್ ಕೂಡ ಇಲ್ಲ. ಇರುವುದು ಹೇಗೆ? ಆ ಆರ್ಡರ್ ಆಗಲೇ 'ಪ್ಯಾಕ್ಡ್' ಆಗಿತ್ತಲ್ಲ. ಖಾಲಿ ಬ್ಯಾಗ್ ತುಂಬಿಸಲು ಓಡಿದ ಓಟವೇ ಕ್ಯಾಮೆರಾದಲ್ಲಿ ಕಳ್ಳತನವಾಗಿ ಕಂಡಿತು.

ದೀಪಾವಳಿಗೆ ಮೂರು ದಿನ ಇರುವಾಗ ಆ ಮೀಟಿಂಗ್ ಆಯಿತು. ಏರಿಯಾ ಮ್ಯಾನೇಜರ್, ಆಡಿಟ್‌ನವರು ಒಬ್ಬರು, ನಮ್ಮ ಮ್ಯಾನೇಜರ್, ನಾನು. ವಿಡಿಯೋ ಹಾಕಿ "ಇದಕ್ಕೆ ಬೇರೆ ಏನಾದರೂ ಕಾರಣ ಇದೆಯಾ?" ಅಂತ ಕೇಳಿದರು. ನನ್ನ ಕಡೆ ನೋಡಿಯೇ ಕೇಳಿದರು. ಹಾಳೆಯ ವಿಷಯ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ನಾನು "ಗೊತ್ತಿಲ್ಲ, ವಿಚಾರಿಸ್ತೀನಿ" ಅಂದೆ. ಸಂಜೆ ಏಜೆನ್ಸಿಯವರು ಬಸುಗೆ ಫೋನ್ ಮಾಡಿ ನಾಳೆಯಿಂದ ಬರಬೇಡ ಅಂದರು. ಅವನು ಐಡಿ ಕಾರ್ಡ್ ಮೇಜಿನ ಮೇಲಿಟ್ಟು, ಹಬ್ಬಕ್ಕೆ ಊರಿಗೆ ಒಯ್ಯಲು ತಂದಿದ್ದ ಸ್ವೀಟ್ ಬಾಕ್ಸ್ ಎತ್ತಿಕೊಂಡು ಹೋದ. ಗೇಟಿನಲ್ಲಿ ಅದನ್ನೂ ಬಿಚ್ಚಿಸಿ ನೋಡಿದರು.

2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ್ಯಪ್‌ಗೆ ದುಡಿಯುವ ರೈಡರ್‌ಗಳಂಥವರಿಗಾಗಿ, ಕರ್ನಾಟಕ ಪ್ರತ್ಯೇಕ ಕಾನೂನು ಮಾಡಿತು. ಅದರ ಪ್ರಕಾರ ರೈಡರ್‌ನನ್ನು ತೆಗೆಯಬೇಕಾದರೆ ಕಾರಣ ಬರೆದುಕೊಡಬೇಕು, 14 ದಿನ ಮೊದಲು ತಿಳಿಸಬೇಕು. ಒಳಗಿರುವ ಪಿಕ್ಕರ್ ಗಿಗ್ ಕಾರ್ಮಿಕನಲ್ಲ, ಏಜೆನ್ಸಿಯ ನೌಕರ. ಅವನಿಗೆ ಆಗ ಹಳೆಯ ಕಾರ್ಮಿಕ ಕಾನೂನುಗಳೇ ಗತಿಯಾಗಿದ್ದವು. ಅವು ಕಾಗದದಲ್ಲಿ ಬಲವಾಗಿಯೇ ಇದ್ದವು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದಕ್ಕಿಂತ ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ ಅಂತ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ಶಿಫ್ಟ್‌ಗೆ ಇಪ್ಪತ್ತು ನಿಮಿಷ ಮೊದಲೇ ಬಂದು ನಿಂತುಕೊಂಡು ಮೀಟಿಂಗ್ ಮಾಡಬೇಕಿತ್ತು. ಆ ಇಪ್ಪತ್ತು ನಿಮಿಷ ಯಾವ ಲೆಕ್ಕದಲ್ಲೂ ಇರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಆದ ವಿಚಿತ್ರ ಅಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಟಾರ್ಗೆಟ್ ಮುಟ್ಟಲು ನೌಕರರು ಗಿರಾಕಿಗಳಿಗೆ ಗೊತ್ತಿಲ್ಲದೆ ಖಾತೆ ತೆರೆದದ್ದು 2016ರಲ್ಲಿ ದೊಡ್ಡ ಸುದ್ದಿಯಾಯಿತು. 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರೊಳಗೆ ಸುಮಾರು 5,300 ನೌಕರರನ್ನು ಮನೆಗೆ ಕಳಿಸಿ ಆಗಿತ್ತು. ಆ ಸುದ್ದಿಯನ್ನು ನಾನು ಮೊದಲೇ ಓದಿದ್ದೆ. ಓದಿದ್ದು ಆ ದಿನ ಮೀಟಿಂಗ್‌ನಲ್ಲಿ ನನ್ನ ಬಾಯಿ ತೆರೆಸಲಿಲ್ಲ.

ಕೆಂಪು ಬರಲಿ ಅಂತ ಬಿಟ್ಟದ್ದು

ಹಬ್ಬ ಮುಗಿದ ಮೇಲೆ ನಿದ್ದೆ ಬರದೆ ಮ್ಯಾನೇಜರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರಿಗೆ ಹಾಳೆ ವಿಷಯ ನನಗಿಂತ ಮೊದಲೇ ಗೊತ್ತಿತ್ತು! "ಈಗ ಹೇಳಿದ್ರೆ ಇಬ್ರೂ ಹೋಗ್ತೀವಿ. ಬಸುನೂ ವಾಪಸ್ ಬರಲ್ಲ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ನಂಬರ್ ತೋರಿಸಿದ್ರೆ ಕೇಳ್ತಾರೆ. ಇವರಿಗೆ ನಂಬರ್ ಭಾಷೆ ಒಂದೇ ಬರೋದು" ಅಂದರು. ಪ್ರಕರಣ ತಿರುಗಿದ್ದು ಅಲ್ಲಿ.

ಮೊದಲು ಎಣಿಸಿದೆವು. ನವೆಂಬರ್ 4ರಿಂದ 10ರವರೆಗೆ, ನನ್ನ ಶಿಫ್ಟ್‌ನಲ್ಲಿ 'ಸಿಗಲಿಲ್ಲ' ಅಂತ ಒತ್ತಿದ ಪ್ರತಿಯೊಂದನ್ನೂ ರಾತ್ರಿ ಹನ್ನೆರಡಾದ ಮೇಲೆ ನಾನು, ಇನ್ನೊಬ್ಬ ಹುಡುಗ ಹೋಗಿ ಹುಡುಕಿದೆವು. ಒಟ್ಟು 212. ಅದರಲ್ಲಿ 171 ರ್‍ಯಾಕ್‌ನಲ್ಲೇ ಇದ್ದವು. ಡಂಪ್ ಅಂಕಿಯನ್ನೇ ಹಿಡಿದುಕೊಂಡಿದ್ದರೆ ನಮ್ಮ ವಾದ ನಿಲ್ಲುತ್ತಿರಲಿಲ್ಲ. ಯಾವ ಶಿಫ್ಟ್‌ನಿಂದ ಎಷ್ಟು ಡಂಪ್ ಅಂತ ಬಿಡಿಸಿ ಹೇಳಲು ಆಗುವುದಿಲ್ಲ. 171 ಅನ್ನುವುದನ್ನು ಯಾರು ಬೇಕಾದರೂ ಬಂದು ಕಣ್ಣಾರೆ ನೋಡಬಹುದಿತ್ತು.

ಆಮೇಲೆ ಎರಡು ವಾರ, 11ರಿಂದ 24ರವರೆಗೆ, ನನ್ನ ಶಿಫ್ಟ್‌ನಲ್ಲಿ ಹಾಳೆ ಬಂದ್. ಹುಡುಗರನ್ನು ಕೂರಿಸಿ ಹೇಳಿದೆ. "ಕೆಂಪು ಬಂದ್ರೆ ನಾನು ನೋಡ್ಕೋತೀನಿ" ಅಂದೆ. ಒಬ್ಬ, "ಬಸುಗೂ ಹಂಗೇ ಅಂದಿದ್ರೇನಣ್ಣ?" ಅಂದ. ಉತ್ತರ ಇರಲಿಲ್ಲ. ಜಾಸ್ತಿ ಓಡುವ ಫ್ರೋಜನ್ ಮಾಲನ್ನು ಬಾಗಿಲ ಪಕ್ಕದ ರ್‍ಯಾಕ್‌ಗೆ ತಂದೆವು. ಒಬ್ಬನನ್ನು ಫ್ರೀಜರ್‌ಗೇ ಅಂತ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಬದಲಾಯಿಸಿದೆವು. ಚಿಕ್ಕಪೇಟೆಯಿಂದ ಎರಡು ಜಾಕೆಟ್ ನಾವೇ ದುಡ್ಡು ಹಾಕಿ ತಂದೆವು.

ಮ್ಯಾನೇಜರ್ ಮಾಡಿದ ಒಂದು ಕೆಲಸ ನನಗೆ ಆಗ ಅನಗತ್ಯ ಅನ್ನಿಸಿತ್ತು. ಶುರು ಮಾಡುವ ಮೊದಲೇ ಏರಿಯಾ ಮ್ಯಾನೇಜರ್‌ಗೆ ಮೂರು ಸಾಲಿನ ಮೇಲ್ ಹಾಕಿದರು: ಡಂಪ್ ಇಳಿಸಲು ಸಂಜೆ ಶಿಫ್ಟ್‌ನಲ್ಲಿ ಎರಡು ವಾರದ ಪ್ರಯೋಗ, ಪಿಕ್ ಟೈಮ್ ಏರಬಹುದು. ಅವರು ಪೂರ್ತಿ ಓದಿದರೋ ಇಲ್ಲವೋ, "ಓಕೆ" ಅಂತ ಒಂದೇ ಪದ ಬಂತು. ನಾಲ್ಕನೇ ದಿನ ಅದೇ ಏರಿಯಾ ಮ್ಯಾನೇಜರ್ ಕೆಂಪು ನೋಡಿ ಕೂಗಾಡಿದಾಗ ನಮ್ಮನ್ನು ಉಳಿಸಿದ್ದು ಆ ಪದ.

ಎರಡನೇ ವಾರದ ಲೆಕ್ಕ ಹೀಗಿತ್ತು. ಪಿಕ್ ಟೈಮ್ 2 ನಿಮಿಷ 21 ಸೆಕೆಂಡ್, ಕಡುಕೆಂಪು. 'ಸಿಗಲಿಲ್ಲ' 212ರಿಂದ 58ಕ್ಕೆ ಇಳಿಯಿತು. ಸಾಮಾನು ಬಿಟ್ಟುಹೋಗಿದೆ ಅನ್ನುವ ದೂರು 31 ಇದ್ದದ್ದು 12. ಆರ್ಡರ್ ಬಿದ್ದಾಗಿನಿಂದ ಮನೆ ಬಾಗಿಲವರೆಗಿನ ಸಮಯ ಸುಮಾರು ಒಂದು ನಿಮಿಷ ಕಡಿಮೆಯಾಗಿತ್ತು. ರೈಡರ್ ಖಾಲಿ ಬ್ಯಾಗಿಗೆ ಕಾಯುತ್ತಿರಲಿಲ್ಲ, ಅದಕ್ಕೆ. ನಾವು ನಿಧಾನವಾದ ಕೂಡಲೇ ಗಿರಾಕಿಗೆ ಬೇಗ ತಲುಪಲು ಶುರುವಾಗಿತ್ತು.

ಫ್ರೀಜರ್ ಮುಂದೆ ಒಂದು ಸಂಜೆ

ನವೆಂಬರ್ 28ಕ್ಕೆ ಆಪರೇಷನ್ಸ್ ಹೆಡ್ ಮೇಡಂ ಬಂದರು. ಡಂಪ್ ನೋಡಲು ಬಂದದ್ದು. ಸಂಜೆ ಏಳೂವರೆ, ಆರ್ಡರ್ ಸುರಿಯುವ ಹೊತ್ತು. ಮ್ಯಾನೇಜರ್ ಲೆಕ್ಕದ ಹಾಳೆ ತೋರಿಸುತ್ತಿದ್ದರು. ಅವರು ಫೋನ್ ನೋಡುತ್ತಾ ಕೇಳುತ್ತಿದ್ದರು. ನನಗೆ ಏನನ್ನಿಸಿತೋ, ಒಂದು ಡಿವೈಸ್ ತಂದು ಅವರ ಕೈಗೆ ಕೊಟ್ಟೆ. "ಮೇಡಂ, ಒಂದು ಆರ್ಡರ್ ನೀವೇ ಪಿಕ್ ಮಾಡಿ ನೋಡ್ತೀರಾ?"

ಅವರು ನಕ್ಕು ತೆಗೆದುಕೊಂಡರು. ಒಂಬತ್ತು ಸಾಮಾನಿನ ಆರ್ಡರ್. ಕೊತ್ತಂಬರಿ ಸೊಪ್ಪು ಬೇಗ ಸಿಕ್ಕಿತು. ತೊಗರಿಬೇಳೆ ಮೇಲಿನ ಸಾಲಿನಲ್ಲಿತ್ತು, ಸ್ಟೂಲ್ ಹುಡುಕಬೇಕಾಯಿತು. ಫ್ರೀಜರ್ ಹತ್ತಿರ ಬಂದಾಗ ನಾಲ್ಕು ಜಾಕೆಟ್‌ಗಳೂ ಯಾರ್‍ಯಾರ ಮೈಮೇಲೋ ಇದ್ದವು. ಶಾಲು ಸುತ್ತಿಕೊಂಡೇ ಒಳಗೆ ಹೋದರು. ಹೊರಗೆ ಬಂದಾಗ ಕನ್ನಡಕದ ಮೇಲೆ ಮಂಜು ಕೂತು ಏನೂ ಕಾಣುತ್ತಿರಲಿಲ್ಲ. ಐಸ್‌ಕ್ರೀಮ್ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕನ್ನಡಕ ಒರೆಸುತ್ತಾ ನಿಂತರು. ಅಷ್ಟರಲ್ಲಿ ಡಿವೈಸ್ ಕೆಂಪಾಗಿ ಕೂಗಲು ಶುರು ಮಾಡಿತ್ತು. 4 ನಿಮಿಷ 12 ಸೆಕೆಂಡ್.

ಅವರು ಬ್ಯಾಗ್ ಇಳಿಸಿ ಕೇಳಿದರು. "ಹಾಗಾದ್ರೆ 1:38 ಹೇಗೆ ಬರ್ತಿತ್ತು?"

ಯಾರೂ ಮಾತಾಡಲಿಲ್ಲ. ಮ್ಯಾನೇಜರ್ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಪ್ಯಾಕಿಂಗ್ ಮಾಡುತ್ತಿದ್ದ ಕಲಬುರಗಿಯ ಹುಡುಗಿ ಬಗ್ಗಿ, ಮೇಜಿನ ಕೆಳಗಿಂದ ಪರ್‍ರ್ ಅಂತ ಟೇಪ್ ಕಿತ್ತು, ಹಾಳೆಯನ್ನು ಅವರ ಮುಂದಿಟ್ಟಳು. ಇಟ್ಟು ಮತ್ತೆ ತನ್ನ ಬ್ಯಾಗಿಗೆ ಮೊಟ್ಟೆ ಹಾಕಲು ಹೋದಳು. ತಿಂಗಳಿಗೆ ಹದಿನಾರು ಸಾವಿರ ಸಂಬಳದ ಹುಡುಗಿ. ಎರಡು ತಿಂಗಳಿಂದ ನಾವಿಬ್ಬರು ಹೇಳಲಾಗದೆ ಒದ್ದಾಡಿದ್ದನ್ನು ಒಂದು ಮಾತಾಡದೆ ಮುಗಿಸಿದಳು.

ಮೇಡಂ ಹಾಳೆಯ ಫೋಟೋ ತೆಗೆದುಕೊಂಡರು. ಯಾರು ಮಾಡಿದ್ದು ಅಂತ ಕೇಳಲಿಲ್ಲ. ಮೇಲಿನವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ನಾನು ಅದನ್ನೇ ಮೊದಲು ಎಣಿಸುತ್ತೇನೆ. ಅವತ್ತು ಹೆಸರು ಕೇಳಿದ್ದರೆ ಮುಂದೆ ಯಾವ ಮೇಜಿನ ಕೆಳಗಿಂದಲೂ ಯಾರೂ ಏನನ್ನೂ ತೆಗೆದು ತೋರಿಸುತ್ತಿರಲಿಲ್ಲ.

ಆಮೇಲೆ

ಮರುದಿನವೇ ನಮ್ಮ ಸ್ಟೋರ್‌ಗೆ ಟಾರ್ಗೆಟ್ ತಡೆಹಿಡಿದರು. ಆರು ಜಾಕೆಟ್ ಬಂದವು. ಜನವರಿಯಿಂದ ಫ್ರೀಜರ್ ಮಾಲು ಇರುವ ಆರ್ಡರ್‌ಗೆ ಬೇರೆ ಟಾರ್ಗೆಟ್, ಇಲ್ಲದ್ದಕ್ಕೆ ಮತ್ತೆ 2:30. 'ಸಿಗಲಿಲ್ಲ' ಒತ್ತಿದ್ದನ್ನು ದಿನಕ್ಕೆ ಹತ್ತಾದರೂ ಹೋಗಿ ನೋಡಬೇಕು ಅಂತ ನಿಯಮ ಬಂತು. ಜನವರಿಯ ಡಂಪ್ 1.5 ಲಕ್ಷಕ್ಕೆ ಇಳಿಯಿತು.

ಎಲ್ಲ ಚೆನ್ನಾಗಾಯಿತು ಅಂತ ಹೇಳಲಾರೆ. ಹತ್ತು ದಿನದಲ್ಲಿ ಬೇರೊಂದು ವಿಭಾಗದಿಂದ ಎಲ್ಲ ಸ್ಟೋರ್‌ಗಳಿಗೆ ಸುತ್ತೋಲೆ ಹೋಯಿತು: ಬಾರ್‌ಕೋಡ್ ಹಾಳೆ ಸಿಕ್ಕರೆ ಆ ಶಿಫ್ಟ್‌ನವರನ್ನು ತೆಗೆಯಲಾಗುವುದು. ಆ ಸ್ಟೋರ್‌ಗಳಲ್ಲಿ ಟಾರ್ಗೆಟ್ ಇನ್ನೂ 1:45 ಇತ್ತು. ಹಾಳೆಗಳು ಮಾಯವಾದವು. ಅಲ್ಲಿನ ಒಬ್ಬ ಇನ್‌ಚಾರ್ಜ್ ನಗುತ್ತಾ ಹೇಳಿದ, "ಈಗ ಎಲ್ಲರ ಮೊಬೈಲ್‌ನಲ್ಲಿ ಫೋಟೋ ಇದೆ ಬ್ರೋ." ಕಂಪನಿಯ ಒಂದು ಕೈಗೆ ಅರ್ಥವಾದದ್ದು ಇನ್ನೊಂದು ಕೈಗೆ ತಲುಪುವಷ್ಟರಲ್ಲಿ ಶಿಕ್ಷೆಯಾಗಿ ಬದಲಾಗಿತ್ತು.

ಏರಿಯಾ ಮ್ಯಾನೇಜರ್ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ. ಅವರ ಮೇಲೂ ಒಂದು ಡ್ಯಾಶ್‌ಬೋರ್ಡ್ ಇತ್ತು, ಅದರಲ್ಲಿ ಹದಿನಾಲ್ಕು ಸ್ಟೋರ್‌ಗಳು ಹದಿನಾಲ್ಕು ಚುಕ್ಕೆಗಳು. ಅವರಿಗೆ ಸಿಗುತ್ತಿದ್ದ ಸುದ್ದಿ ನಾವು ಬಣ್ಣ ಹಚ್ಚಿ ಕಳಿಸಿದ್ದು. ಮೇಲಿಂದ ಒಂದು ಆದೇಶ ನಮಗೆ ಬರಲು ಒಂದು ನಿಮಿಷ ಸಾಕಾಗಿತ್ತು. ಅದು ನಡೆಯುತ್ತಿಲ್ಲ ಅನ್ನುವ ಸುದ್ದಿ ಕೆಳಗಿಂದ ಮೇಲೆ ಹೋಗಲು ಎಪ್ಪತ್ತೊಂಬತ್ತು ದಿನ ಹಿಡಿಯಿತು. ಅಷ್ಟು ದಿನ ಅದನ್ನು ತಡೆದದ್ದು ಯಾವ ಒಬ್ಬ ಕೆಟ್ಟ ಬಾಸ್ ಅಲ್ಲ. ಎಮೋಜಿ ಹಾಕಿದ ನಾನು, ಗೊತ್ತಿದ್ದೂ ಬಿಟ್ಟ ಮ್ಯಾನೇಜರ್, ಹುದ್ದೆ ಕೇಳಿದ ಸರ್ವೆ, ಎರಡು ಪುಟದ ವಿವರಣೆ, ಎಲ್ಲವೂ ಸೇರಿ.

ಮತ್ತೆ ಅದೇ ಜಾಗದಲ್ಲಿದ್ದರೆ ನಾನು ಬೇರೆ ಮಾಡುತ್ತಿದ್ದದ್ದು ಒಂದೇ. ಪೂರ್ತಿ ಗುಟ್ಟು ಹೇಳುವ ಧೈರ್ಯ ಇಲ್ಲದಿದ್ದರೂ, ಅವತ್ತು ಮೀಟಿಂಗ್‌ನಲ್ಲಿ "ಆ ವಿಡಿಯೋದ ಟೈಮ್‌ಗೂ ಪ್ಯಾಕ್ ಆದ ಟೈಮ್‌ಗೂ ತಾಳೆ ನೋಡಿ, ನಾಲ್ಕು ನಿಮಿಷ ಹಿಂದಿನ ಆರ್ಡರ್ ತೆಗೆಯಿರಿ" ಅಂತ ಅಷ್ಟನ್ನಾದರೂ ಹೇಳುತ್ತಿದ್ದೆ. ಆಡಿಟ್‌ನವರು ದಡ್ಡರೇನಲ್ಲ, ಉಳಿದದ್ದನ್ನು ಅವರೇ ಕಂಡುಕೊಳ್ಳುತ್ತಿದ್ದರು.

ಬಸುಗೆ ಡಿಸೆಂಬರ್‌ನಲ್ಲಿ ಫೋನ್ ಮಾಡಿದೆ. ಹೊಸಕೋಟೆ ಹತ್ತಿರ ಒಂದು ಗೋಡೌನ್‌ಗೆ ಸೇರಿದ್ದ. ನಡೆದದ್ದನ್ನೆಲ್ಲ ಹೇಳಿದೆ, ತಪ್ಪಾಯಿತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಾಪಸ್ ಬರಲ್ಲ ಅಣ್ಣ. ಹನ್ನೊಂದು ದಿನದ ಪಗಾರ ಬಾಕಿ ಐತಿ, ಅದಷ್ಟು ನೋಡ್ರಿ" ಅಂದ. ಏಜೆನ್ಸಿಯವರು ಇವತ್ತು ನಾಳೆ ಅಂದರು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಕೊಡಬೇಕು ಅಂತ ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳುತ್ತಿತ್ತು. ಅದನ್ನು ಬರೆದು ಮ್ಯಾನೇಜರ್ ಮೇಲ್ ಹಾಕಿದ ಮೇಲೆ, ಫೆಬ್ರವರಿಯಲ್ಲಿ 6,200 ರೂಪಾಯಿ ಅವನ ಖಾತೆಗೆ ಬಂತು.

ಅವನೇ ಫೋನ್ ಮಾಡಿ ತಿಳಿಸಿದ. "ದುಡ್ಡು ಬಂತಣ್ಣ. ಆದ್ರ ಏಜೆನ್ಸಿ ಲಿಸ್ಟಿನ್ಯಾಗ ನನ್ನ ಹೆಸರಿನ ಮುಂದ ಇನ್ನೂ ಕಳ್ಳ ಅಂತನ ಐತಂತ. ಬ್ಯಾರೆ ಕಂಪನಿಗೆ ಕಳಸಂಗಿಲ್ಲ ಅಂದ್ರು." ಅದನ್ನು ತೆಗೆಸಲು ಟಿಕೆಟ್ ಹಾಕಿದೆ. ಮೂರು ಸಲ ನೆನಪಿಸಿದೆ. ಏಪ್ರಿಲ್‌ನಲ್ಲಿ ನಾನು ಆ ಕೆಲಸ ಬಿಡುವಾಗಲೂ ಅದು 'ಪರಿಶೀಲನೆಯಲ್ಲಿದೆ' ಅಂತಲೇ ತೋರಿಸುತ್ತಿತ್ತು.